ನಾಲ್ಕು ವಾರದ ಬೇಸಿಗೆ ಶಿಬಿರದಲ್ಲಿ ಪರ್ಸೆಲ್‌ನ ‘ಡೈಡೊ’: ಹಾಡು ಕಲಿಸಬೇಕಾ, ನಾಟಕ ಕಟ್ಟಬೇಕಾ?

ತುಂಗಾತೀರ:
ನಮಸ್ಕಾರ. ನಮ್ಮದು ತೀರ್ಥಹಳ್ಳಿ ಕಡೆ, ಈಗ ಇರುವುದು ಅಮೆರಿಕದ ಮ್ಯಾಸಚೂಸೆಟ್ಸ್‌ನಲ್ಲಿ. ಮಗಳು ಕಾಲೇಜಿನಲ್ಲಿ ಪಾಶ್ಚಾತ್ಯ ಗಾಯನ ಓದುತ್ತಿದ್ದಾಳೆ. ಈ ಬೇಸಿಗೆಯಲ್ಲಿ ಒಂದು ತರಬೇತಿ ಶಿಬಿರಕ್ಕೆ ಸೇರಿದ್ದಾಳೆ. ಶಿಬಿರದ ಹೆಸರು ಹೇಳುವುದಿಲ್ಲ, ಯಾರಿಗೂ ಕೆಟ್ಟ ಹೆಸರು ತರುವುದು ನನಗೆ ಬೇಕಿಲ್ಲ. ನಾಲ್ಕು ವಾರ ಕಲಿಕೆ, ಕೊನೆಗೆ ಹದಿನೇಳನೇ ಶತಮಾನದ ಇಂಗ್ಲಿಷ್ ಸಂಗೀತಗಾರ ಪರ್ಸೆಲ್‌ನ ‘ಡೈಡೊ ಅಂಡ್ ಈನಿಯಸ್’ ಒಪೆರಾ, ಅಂದರೆ ಹಾಡಿನಲ್ಲೇ ನಡೆಯುವ ನಾಟಕದ ಪ್ರದರ್ಶನ; ಕಾರ್ತೇಜಿನ ರಾಣಿ ಡೈಡೊಳನ್ನು ಪ್ರೇಮಿ ಈನಿಯಸ್ ಬಿಟ್ಟುಹೋಗುವ ಕಥೆ. ಬರೋಕ್ ಕಾಲದ (ಸುಮಾರು 1600ರಿಂದ 1750) ಹಾಡುಗಾರಿಕೆ ಕಲಿಸುತ್ತೇವೆ ಅಂತ ಹೇಳಿದ್ದರು. ಅದಕ್ಕೇ ಸೇರಿಸಿದ್ದು.

ಈಗ ಮೂರನೇ ವಾರ. ಮಗಳಿಗೆ ಎರಡನೇ ಮಾಟಗಾತಿಯ ಪಾತ್ರ. ದಿನಾ ರಾತ್ರಿ ಫೋನ್ ಮಾಡುತ್ತಾಳೆ. ನಿರ್ದೇಶಕರು ಕಾರ್ತೇಜ್ ಅರಮನೆಯನ್ನು ವಿಮಾನ ನಿಲ್ದಾಣ ಮಾಡಿದ್ದಾರೆ. ಡೈಡೊ ಅಲ್ಲಿ ರಾಣಿ ಅಲ್ಲ, ವಿಮಾನ ಕಂಪನಿಯ ಒಡತಿ. ಲಗೇಜಿನ ಬೆಲ್ಟು ನಿಜವಾಗಿ ತಿರುಗಬೇಕು ಅಂತ ಎರಡು ದಿನ ಪೂರ್ತಿ ಅದಕ್ಕೇ ಹೋಯಿತಂತೆ. ಬೆಳಿಗ್ಗೆ ಹತ್ತರಿಂದ ಸಂಜೆ ಆರರವರೆಗೆ ಯಾರು ಎಲ್ಲಿ ನಿಲ್ಲಬೇಕು, ಟ್ರಾಲಿ ಯಾವ ಕಡೆಯಿಂದ ತಳ್ಳಿಕೊಂಡು ಬರಬೇಕು, ಇದೇ ಮಾತು. ರೆಸಿಟೆಟಿವ್, ಅಂದರೆ ಮಾತಾಡುವ ಹಾಗೆ ಹಾಡುವ ಭಾಗ, ಹೇಗೆ ಹಾಡಬೇಕು ಅಂತ ಕೂರಿಸಿಕೊಂಡು ಹೇಳಿಕೊಟ್ಟದ್ದು ಇಲ್ಲಿಯವರೆಗೆ ಎರಡೇ ಸಲ. ಹಾರ್ಪ್ಸಿಕಾರ್ಡ್ (ಪಿಯಾನೋಗಿಂತ ಹಳೆಯ ಕೀಲಿಮಣೆ ವಾದ್ಯ) ಜೊತೆ ಹಾಡಿದ್ದು ಒಂದೇ ದಿನ, ಉಳಿದ ದಿನವೆಲ್ಲ ಪಿಯಾನೋ.

ನಾನು ಸಂಗೀತ ಕಲಿತವಳಲ್ಲ. ತಪ್ಪು ತಿಳಿದುಕೊಂಡಿದ್ದೇನೋ ಏನೋ. ನಾಲ್ಕೇ ವಾರ ಇರುವಾಗ ಹೊತ್ತು ಯಾವುದಕ್ಕೆ ಹೋಗಬೇಕು? ತಿಳಿದವರು ಹೇಳಿ.

ಬಿಸಿಲುಕುದುರೆ:
ಒಪೆರಾ ಅಂದರೆ ಮೂರು ನಾಲ್ಕು ಗಂಟೆ ಅಲ್ವಾ? ನಾಲ್ಕು ವಾರದಲ್ಲಿ ಮಕ್ಕಳ ಕೈಲಿ ಅಷ್ಟನ್ನೂ ಮಾಡಿಸುತ್ತಾರಾ?

ತಂತಿಪೆಟ್ಟಿಗೆ:
ಎಲ್ಲವೂ ಅಷ್ಟು ಉದ್ದ ಇರುವುದಿಲ್ಲ. ‘ಡೈಡೊ’ ಸುಮಾರು ಒಂದು ಗಂಟೆ ಅಷ್ಟೇ. ವಾದ್ಯಗಳೂ ಕಡಿಮೆ. ಪಿಟೀಲು ಜಾತಿಯ ತಂತಿವಾದ್ಯಗಳು, ಜೊತೆಗೆ ಕಂಟಿನುವೊ, ಅಂದರೆ ಹಾಡಿಗೆ ಕೆಳಗಿನ ಆಧಾರ ಕೊಡುವ ಹಾರ್ಪ್ಸಿಕಾರ್ಡ್, ಥಿಯೋರ್ಬೊ (ಉದ್ದ ಕತ್ತಿನ, ಮೀಟುವ ತಂತಿವಾದ್ಯ), ಚೆಲ್ಲೋ ಇಂಥವು. ಕಹಳೆ ಇಲ್ಲ, ಡ್ರಮ್ ಇಲ್ಲ. ಹೆಣ್ಣು ಪಾತ್ರ ಜಾಸ್ತಿ: ಡೈಡೊ, ಬೆಲಿಂಡಾ, ಇನ್ನೊಬ್ಬ ಸಖಿ, ಮಾಟಗಾತಿಯರು. ದೊಡ್ಡ ಗಂಡು ಪಾತ್ರ ಒಂದೇ, ಈನಿಯಸ್. ಅವನಿಗೂ ಪೂರ್ತಿ ಒಂದು ಆರಿಯಾ, ಅಂದರೆ ಒಬ್ಬರೇ ಹಾಡುವ ಹಾಡು, ಇಲ್ಲ. ಉಳಿದವರಿಗೆಲ್ಲ ಕೋರಸ್ ಧಾರಾಳವಾಗಿದೆ. ಗಾಯನ ಕಲಿಯುವವರಲ್ಲಿ ಹುಡುಗಿಯರೇ ಹೆಚ್ಚು, ಆದ್ದರಿಂದ ಶಾಲೆ ಕಾಲೇಜುಗಳು ಪದೇಪದೇ ಇದನ್ನೇ ಆರಿಸಿಕೊಳ್ಳುತ್ತವೆ.

ಇನ್ನೊಂದು ವಿಷಯ. ಇದು ಹುಟ್ಟಿದ್ದೇ ಶಾಲೆಯಲ್ಲಿ. 1689ರ ಹೊತ್ತಿಗೆ ಲಂಡನ್ನಿನ ಚೆಲ್ಸಿಯಲ್ಲಿ ಜೋಸಾಯಸ್ ಪ್ರೀಸ್ಟ್ ಅನ್ನುವವರು ನಡೆಸುತ್ತಿದ್ದ ಹುಡುಗಿಯರ ವಸತಿ ಶಾಲೆಯಲ್ಲಿ ಆಡಿದ್ದು. ಪ್ರೀಸ್ಟ್ ಕುಣಿತದ ಮೇಷ್ಟ್ರು. ಇದರಲ್ಲಿ ಅಷ್ಟೊಂದು ನೃತ್ಯ ಇರುವುದೂ ಹಾಗಾಗಿಯೇ ಇರಬಹುದು. ತುಂಗಾತೀರ ಅವರೇ, ನಿಮ್ಮ ಮಗಳು ಮಾಡುತ್ತಿರುವುದು ಮುನ್ನೂರು ವರ್ಷಕ್ಕೂ ಹಿಂದೆ ಕಲಿಯುವ ಹುಡುಗಿಯರೇ ಮಾಡಿದ ಕೆಲಸ.

ಹಳೇಪುಟ:
ಒಂದು ತಿದ್ದುಪಡಿ. ಶಾಲೆಯಲ್ಲಿ ಆಡಿದ್ದು ನಿಜ, ಆದರೆ ‘ಹುಟ್ಟಿದ್ದೇ’ ಅಲ್ಲಿ ಅಂತ ಹೇಳಲು ಬರುವುದಿಲ್ಲ. ಜಾನ್ ಬ್ಲೋ ಬರೆದ ‘ವೀನಸ್ ಅಂಡ್ ಅಡೋನಿಸ್’ ಮೊದಲು ಅರಮನೆಯಲ್ಲಿ ಆಡಿ, ಆಮೇಲೆ 1684ರಲ್ಲಿ ಇದೇ ಪ್ರೀಸ್ಟ್ ಶಾಲೆಗೆ ಬಂತು. ಪರ್ಸೆಲ್‌ನದೂ ಹಾಗೇ ಅರಮನೆಗೆ ಅಂತ ಮೊದಲು ಬರೆದದ್ದಿರಬಹುದು ಅಂತ ವಾದಿಸುವ ವಿದ್ವಾಂಸರಿದ್ದಾರೆ. ಪರ್ಸೆಲ್ ಕೈಬರಹದ ಪ್ರತಿ ಒಂದೂ ಉಳಿದಿಲ್ಲ. ಇರುವ ಹಳೆಯ ಪೂರ್ತಿ ಪ್ರತಿ 1750ರ ನಂತರದ್ದು. ಪರ್ಸೆಲ್ ತೀರಿಕೊಂಡದ್ದು 1695ರಲ್ಲಿ. ಅಂದರೆ ಐವತ್ತು ವರ್ಷಕ್ಕೂ ಮೇಲಿನ ಅಂತರ. ನೇಹಮ್ ಟೇಟ್ ಬರೆದ ಸಾಹಿತ್ಯದಲ್ಲಿ ಒಂದು ಪೀಠಿಕೆ ಇದೆ, ಅದರ ಸಂಗೀತ ಸಿಕ್ಕಿಲ್ಲ. ಎರಡನೇ ಅಂಕದ ಕೊನೆಗೆ ಮಾಟಗಾತಿಯರ ಕೋರಸ್ಸು, ಕುಣಿತ ಇದೆ, ಅದರ ಸಂಗೀತವೂ ಇಲ್ಲ. ಕೆಲವರು ಪರ್ಸೆಲ್‌ನ ಬೇರೆ ಹಾಡು ತಂದು ಅಲ್ಲಿ ಸೇರಿಸುತ್ತಾರೆ.

ಚಂಡೆಸದ್ದು:
ಪೂರ್ವರಂಗ ಕಳೆದುಹೋದ ಪ್ರಸಂಗದ ಹಾಗೆ ಆಯಿತು.

ರಂಗಮಂಚ:
ನಾನು ಸ್ವಲ್ಪ ಬೇರೆ ಮಾತು ಹೇಳುತ್ತೇನೆ, ಬೇಸರ ಮಾಡಿಕೊಳ್ಳಬೇಡಿ. ನಾನು ಹೆಗ್ಗೋಡಿನ ನೀನಾಸಂನಲ್ಲಿ ಒಂದು ವರ್ಷ ಕಲಿತವನು. ಎಲ್ಲಿ ನಿಲ್ಲಬೇಕು, ಯಾವ ಕಡೆಯಿಂದ ಬರಬೇಕು ಅನ್ನುವುದನ್ನು ‘ಇದೇ ಮಾತು’ ಅಂತ ತಳ್ಳಿಹಾಕಬೇಡಿ. ಅದೂ ವಿದ್ಯೆಯೇ. ಹಾಡುವವರು ಒಂಟಿ ಕೋಣೆಯಲ್ಲಿ, ಕನ್ನಡಿ ಮುಂದೆ, ನಿಂತಲ್ಲೇ ನಿಂತು ಹಾಡಿ ಅಭ್ಯಾಸ ಮಾಡಿರುತ್ತಾರೆ. ರಂಗದ ಮೇಲೆ ನಡೆಯುತ್ತಾ, ಇನ್ನೊಬ್ಬರ ಮುಖ ನೋಡುತ್ತಾ, ಕೈಯಲ್ಲಿ ಒಂದು ಸಾಮಾನು ಹಿಡಿದು ಹಾಡುವಾಗ ಉಸಿರೇ ಬೇರೆ. ನಾಳೆ ಇವಳು ಎಲ್ಲೇ ಕೆಲಸಕ್ಕೆ ಹೋದರೂ ನಿರ್ದೇಶಕ ಹೇಳಿದ್ದನ್ನು ಮೂರು ದಿನದಲ್ಲಿ ಕಲಿತು ಮಾಡಬೇಕು. ಅದನ್ನು ಇಲ್ಲಿ ಕಲಿಯದೆ ಇನ್ನೆಲ್ಲಿ ಕಲಿಯುತ್ತಾಳೆ?

ವಿಮಾನ ನಿಲ್ದಾಣದ ಬಗ್ಗೆಯೂ ಒಂದು ಮಾತು. ಈನಿಯಸ್ ಟ್ರಾಯ್‌ನಿಂದ ಓಡಿಬಂದವನು, ಇಟಲಿಗೆ ಹೋಗಬೇಕಾದವನು, ನಡುವೆ ಕಾರ್ತೇಜಿನಲ್ಲಿ ಇಳಿದವನು. ಹೊರಡುವವನ ಕಥೆ ಇದು. ನನಗಂತೂ ಆ ಕಲ್ಪನೆ ಕೆಟ್ಟದ್ದು ಅನ್ನಿಸಲಿಲ್ಲ.

ನೆಕ್ಕರ್‌ದಂಡೆ:
ರಂಗಮಂಚ ಅವರೇ, ನೀವು ಹೇಳಿದ್ದು ಒಪ್ಪುತ್ತೇನೆ. ಆದರೆ ಬರೋಕ್ ಒಪೆರಾದಲ್ಲಿ ಅದು ಎರಡನೇ ಕೆಲಸ. ಯಾಕೆ ಅಂತ ಹೇಳುತ್ತೇನೆ. ನಾನು ಸ್ಟುಟ್‌ಗಾರ್ಟ್‌ನಲ್ಲಿ ಹಾಡುವವಳು, ಬೇಸಿಗೆ ಶಿಬಿರಗಳಲ್ಲಿ ಮೊದಲು ಕಲಿತಿದ್ದೇನೆ, ಈಗ ಕಲಿಸುತ್ತೇನೆ.

ವೆರ್ಡಿ, ಪುಚ್ಚಿನಿಯಂಥ ಆಮೇಲಿನ ಕಾಲದವರ ಒಪೆರಾ ಹಾಡುವಾಗ ಎಲ್ಲಿ ಜೋರು, ಎಲ್ಲಿ ಮೆಲ್ಲಗೆ, ಎಲ್ಲಿ ಹಿಡಿದು ನಿಲ್ಲಬೇಕು ಅನ್ನುವುದೆಲ್ಲ ಪುಸ್ತಕದಲ್ಲಿ ಬರೆದಿರುತ್ತದೆ. ಪರ್ಸೆಲ್ ಪುಟ ತೆರೆದು ನೋಡಿ. ಒಂದು ಹಾಡಿನ ಸಾಲು, ಕೆಳಗೆ ಒಂದು ಬೇಸ್ ಸಾಲು, ಅಂದರೆ ಮಂದ್ರದ ಆಧಾರ, ಅಲ್ಲಲ್ಲಿ ಅಂಕಿಗಳು. ಅಷ್ಟೇ. ಆ ಅಂಕಿ ನೋಡಿಕೊಂಡು ಹಾರ್ಪ್ಸಿಕಾರ್ಡ್‌ನವರು ಆಗಿಂದಾಗ್ಗೆ ಸ್ವರಗಳನ್ನು ಕೂಡಿಸುತ್ತಾರೆ. ಉಳಿದದ್ದನ್ನು ಹಾಡುವವರು ಮಾತಿನಿಂದಲೇ ತೆಗೆಯಬೇಕು. ನಾವು ಕಲಿಸುವುದು ಹೀಗೆ. ಮೊದಲ ದಿನ ಸ್ವರ ಬೇಡ, ಸುಮ್ನೆ ಮಾತು ಓದಿ. ಸಿಟ್ಟಿನಲ್ಲಿ ಓದಿ, ಗುಟ್ಟು ಹೇಳುವ ಹಾಗೆ ಓದಿ. ಎರಡನೇ ದಿನ ಅದೇ ಮಾತನ್ನು ಪರ್ಸೆಲ್ ಬರೆದ ಲಯದಲ್ಲಿ ಓದಿ. ಆಮೇಲೆ ಸ್ವರ. ಮೊದಲನೇ ಅಂಕದಲ್ಲಿ ಡೈಡೊ ಈನಿಯಸ್‌ನ ಸಾಹಸ ನೆನೆಯುವ ಜಾಗ ಇದೆ. ಅಲ್ಲಿ ‘ಸ್ಟಾರ್ಮ್ಸ್’ ಅನ್ನುವ ಪದ ಬಂದಾಗ ಸ್ವರಗಳು ಸುಳಿಗಾಳಿ ಥರ ಓಡುತ್ತವೆ. ‘ಸಾಫ್ಟ್’ ಅನ್ನುವಲ್ಲಿ ಇಳಿದು ಮೆತ್ತಗಾಗುತ್ತವೆ. ಬಿರುಗಾಳಿ ಅಂತ ಮನಸ್ಸಿನಲ್ಲಿ ನೆನೆಯದೆ ಬರೀ ಸ್ವರ ಹಾಡಿದರೆ ಅದು ಬೆರಳಿನ ಕಸರತ್ತಿನ ಹಾಗೆ ಕೇಳುತ್ತದೆ. ಇದು ಒಂದು ಗಂಟೆಯಲ್ಲಿ ಬರುವ ವಿದ್ಯೆ ಅಲ್ಲ. ದಿನಾ ಕೂತರೆ ಮೂರನೇ ವಾರಕ್ಕೆ ಬಾಯಿಗೆ ಹತ್ತುತ್ತದೆ.

ಪಿಯಾನೋ ವಿಷಯ ನನಗೆ ನಿಜವಾಗಿ ಬೇಸರ ತಂದಿತು. ಹಾರ್ಪ್ಸಿಕಾರ್ಡ್ ತಂತಿಯನ್ನು ಮೀಟುತ್ತದೆ, ಪಿಯಾನೋ ಬಡಿಯುತ್ತದೆ. ಮೀಟಿದ ಸ್ವರ ಬೇಗ ಆರುತ್ತದೆ, ಅದು ಆರುವಷ್ಟರಲ್ಲಿ ಹಾಡುವವರು ಮುಂದಿನ ಮಾತು ಎತ್ತಿಕೊಳ್ಳಬೇಕು. ಪಿಯಾನೋ ಜೊತೆ ನಾಲ್ಕು ವಾರ ಹಾಡಿ ಕೊನೇ ದಿನ ಹಾರ್ಪ್ಸಿಕಾರ್ಡ್ ಪಕ್ಕ ನಿಂತರೆ ಕಾಲ ಕೆಳಗಿನ ನೆಲ ಹೋದ ಹಾಗಾಗುತ್ತದೆ.

ತುಂಗಾತೀರ:
ನೆಕ್ಕರ್‌ದಂಡೆ ಅವರೇ, ನೀವು ಬರೆದದ್ದನ್ನು ಮಗಳಿಗೆ ಓದಿ ಹೇಳಿದೆ. ಆ ಕಡೆಯಿಂದ ಸ್ವಲ್ಪ ಹೊತ್ತು ಮಾತೇ ಬರಲಿಲ್ಲ. ಆಮೇಲೆ, ‘ಅಮ್ಮ, ನಮಗೆ ಮಾತು ಓದಿಸಲೇ ಇಲ್ಲ’ ಅಂದಳು.

ಐದನೇಮನೆ:
ಮೈಸೂರಿನಿಂದ. ನಾನು ಕರ್ನಾಟಕ ಸಂಗೀತ ಹೇಳಿಕೊಡುವವಳು. ಇದನ್ನು ಓದುತ್ತಾ ನಮ್ಮದೇ ವಿಷಯ ಓದಿದ ಹಾಗಾಯಿತು. ಬರೆದಿರುವುದು ಎಲುಬು ಮಾತ್ರ, ತುಂಬುವುದು ಹಾಡುವವರು. ನಮ್ಮ ಕೀರ್ತನೆಗೂ ಸ್ವರ ಹಾಕಿದ ಪುಸ್ತಕ ಇದೆ, ಹಾಗಂತ ಪುಸ್ತಕ ನೋಡಿ ಹಾಡಿದರೆ ಕೀರ್ತನೆ ಆಗುವುದಿಲ್ಲ. ಸಂಗತಿ ಮೇಲೆ ಸಂಗತಿ ಹಾಕುವುದು ಗುರುವಿನ ಎದುರು ಕೂತೇ ಬರಬೇಕು. ಬರೋಕ್‌ನಲ್ಲೂ ಮೊದಲ ಭಾಗ ಮತ್ತೆ ಬಂದಾಗ ಅಲಂಕಾರ ಸೇರಿಸಿ ಹಾಡುತ್ತಾರೆ ಅಂತ ಕೇಳಿದ್ದೇನೆ. ಎರಡೂ ಒಂದೇ ಅಲ್ವಾ?

ತಂತಿಪೆಟ್ಟಿಗೆ:
ಒಂದೇ ಅಲ್ಲ. ನೀವು ಹೇಳುತ್ತಿರುವುದು ದ ಕಾಪೊ ಆರಿಯಾ. ಮೊದಲು ಒಂದು ಭಾಗ, ನಡುವೆ ಬೇರೆ ಭಾಗ, ಮತ್ತೆ ಮೊದಲಿನದು ಅಲಂಕಾರದ ಜೊತೆ. ಅದು ಪರ್ಸೆಲ್ ನಂತರ ಬಂದ ಸಂಗೀತಗಾರ ಹ್ಯಾಂಡೆಲ್ ಕಾಲದ್ದು. ಅವನ 1724ರ ಒಪೆರಾ ‘ಜೂಲಿಯೊ ಚೆಸಾರೆ’ಯಲ್ಲಿ ಸಾಲುಸಾಲಾಗಿ ಬರುತ್ತವೆ. ‘ಡೈಡೊ’ದಲ್ಲಿ ಆ ದಾರಿ ಬೇರೆ, ಪರ್ಸೆಲ್ ಅಲಂಕಾರದ ಬಹುಪಾಲನ್ನು ತಾನೇ ಬರೆದಿಟ್ಟಿದ್ದಾನೆ. ಮತ್ತೆ ಅಲ್ಲಿ ಅಲಂಕಾರ ಹಾಕುವವರು ಕೆಳಗಿನ ಬೇಸ್ ಯಾವ ಸ್ವರಕ್ಕೆ ಹೋಗುತ್ತಿದೆ ಅಂತ ನೋಡಿಕೊಂಡೇ ಹಾಕಬೇಕು. ನಿಮ್ಮಲ್ಲಿ ತಂಬೂರಿ ಷಡ್ಜ ಕದಲುವುದಿಲ್ಲ. ಇಲ್ಲಿ ನೆಲವೇ ನಡೆಯುತ್ತಿರುತ್ತದೆ.

ಐದನೇಮನೆ:
ನೆಲವೇ ನಡೆಯುತ್ತದೆ ಅನ್ನುವುದು ಚೆನ್ನಾಗಿ ಅರ್ಥವಾಯಿತು. ಆದರೂ ನನ್ನ ಮೂಲ ಮಾತು ಬಿಡುವುದಿಲ್ಲ. ಎದುರು ಕೂರಿಸಿಕೊಂಡು ಹೇಳಿಕೊಡಬೇಕಾದ ವಿದ್ಯೆಗೆ ಎರಡು ಪಾಠ ಕೊಟ್ಟು ಎರಡು ದಿನ ಬೆಲ್ಟಿಗೆ ಕೊಟ್ಟದ್ದು ತಪ್ಪು.

ಹಳೇಪುಟ:
ಕದಲುವ ನೆಲದ ಜೊತೆಗೆ ಶ್ರುತಿಯೂ ಬೇರೆ. ಇವತ್ತು ‘ಎ’ ಸ್ವರವನ್ನು ಸೆಕೆಂಡಿಗೆ 440 ಕಂಪನಕ್ಕೆ ಇಡುತ್ತಾರೆ. ಬರೋಕ್ ವಾದ್ಯದವರು ಸಾಮಾನ್ಯವಾಗಿ 415ಕ್ಕೆ, ಅಂದರೆ ಹೆಚ್ಚುಕಡಿಮೆ ಅರ್ಧ ಸ್ವರ ಕೆಳಗೆ. ಹಳೇ ಕಾಲದಲ್ಲಿ ಊರಿಗೊಂದು ಶ್ರುತಿ ಇತ್ತು, 415 ಅನ್ನುವುದು ಈಗಿನವರು ಅನುಕೂಲಕ್ಕೆ ಮಾಡಿಕೊಂಡ ಒಪ್ಪಂದ. ಕೆಲವು ಹಾರ್ಪ್ಸಿಕಾರ್ಡ್‌ಗಳಲ್ಲಿ ಕೀಲಿಮಣೆಯನ್ನೇ ಒಂದು ಮನೆ ಪಕ್ಕಕ್ಕೆ ಸರಿಸಿ ಎರಡೂ ಶ್ರುತಿಗೆ ಬಳಸುತ್ತಾರೆ.

ತುಂಗಾತೀರ:
ಹೌದು! ಮಗಳು ಇದನ್ನೇ ಹೇಳಿದಳು. ಪಿಯಾನೋದಲ್ಲಿ ಕಲಿತದ್ದು 440ಕ್ಕೆ. ವಾದ್ಯದವರು ಬಂದ ದಿನ ಎಲ್ಲವೂ ಕೆಳಗೆ ಹೋಗಿ ಬಾಯಿಗೆ ಬಂದ ಜಾಗ ತಪ್ಪಿತಂತೆ. ಅವರು ಆಡುವುದು ಹಳೇ ಮರದ ಕೊಟ್ಟಿಗೆಯಂಥ ಕಟ್ಟಡದಲ್ಲಿ, ಎಸಿ ಇಲ್ಲ. ಜುಲೈ ಸೆಕೆ. ವಾದ್ಯದವರದು ಕರುಳಿನ ತಂತಿ. ಹತ್ತು ನಿಮಿಷ ನುಡಿಸುವುದು, ಐದು ನಿಮಿಷ ಶ್ರುತಿ ಮಾಡುವುದು. ಥಿಯೋರ್ಬೊದವನಿಗೆ ಹದಿನಾಲ್ಕು ತಂತಿ, ಪಾಪ, ಅವನು ಊಟಕ್ಕೂ ಹೋಗದೆ ಬಿರಡೆ ತಿರುಗಿಸುತ್ತಾ ಕೂತಿದ್ದನಂತೆ.

ಚಂಡೆಸದ್ದು:
ನಮ್ಮ ಮದ್ದಳೆಯದೂ ಇದೇ ಪಾಡು. ಮಳೆಗಾಲದಲ್ಲಿ ಚರ್ಮ ತೇವ ಹಿಡಿದರೆ ಶ್ರುತಿ ಕೂರುವುದಿಲ್ಲ. ಕುಂದಾಪುರದಲ್ಲಿ ನನ್ನ ಗುರುಗಳು ಪುಟ್ಟ ಕೆಂಡದ ಮಡಕೆ ಇಟ್ಟುಕೊಂಡು ಆಗಾಗ ಮದ್ದಳೆ ಮುಖ ಅದರ ಮೇಲೆ ಹಿಡಿಯುತ್ತಿದ್ದರು. ತೀರಾ ಹತ್ತಿರ ಹಿಡಿದರೆ ಬಿರಿಯುತ್ತದೆ. ಅಂಗೈ ಅಡ್ಡ ಇಟ್ಟು, ಕೈಗೆ ಎಷ್ಟು ಬಿಸಿ ತಾಗುತ್ತದೆ ಅಂತ ನೋಡಿ ಹಿಡಿಯಬೇಕು. ಈಗ ಬಲ್ಬು ಉರಿಸಿ ಬಿಸಿ ಮಾಡುತ್ತಾರೆ.

ಬಿಸಿಲುಕುದುರೆ:
ವಾದ್ಯ ಶ್ರುತಿ ಮಾಡುವುದರಲ್ಲೇ ಅರ್ಧ ಹೊತ್ತು ಹೋದರೆ ಲೋಹದ ತಂತಿ ಹಾಕಬಾರದಾ?

ನೆಕ್ಕರ್‌ದಂಡೆ:
ಹಾಕಬಹುದು, ಆದರೆ ದನಿ ಬದಲಾಗುತ್ತದೆ. ಕರುಳಿನ ತಂತಿಗೆ ಸ್ವಲ್ಪ ಒರಟು, ಮನುಷ್ಯರ ಗಂಟಲಿಗೆ ಹತ್ತಿರದ ದನಿ. ಅದರ ಜೊತೆ ಹಾಡುವಾಗ ಕಿರುಚಬೇಕಾಗಿಲ್ಲ. ಹತ್ತೊಂಬತ್ತು ಇಪ್ಪತ್ತು ವರ್ಷದ ಗಂಟಲಿಗೆ ಇದು ದೊಡ್ಡ ವರ. ಎಳೆ ಗಂಟಲಿನವರಿಗೆ ಬರೋಕ್ ಕೊಡುವುದಕ್ಕೆ ಇದೂ ಒಂದು ಕಾರಣ.

ಲೆಕ್ಕದಪುಸ್ತಕ:
ಎಲ್ಲರೂ ಸಂಗೀತ ಮಾತಾಡುತ್ತಿದ್ದೀರಿ, ದುಡ್ಡಿನ ಮಾತು ಯಾರೂ ಎತ್ತಲಿಲ್ಲ. ತುಂಗಾತೀರ ಅವರೇ, ಶುಲ್ಕ ಕಟ್ಟಿದ್ದೀರಾ?

ತುಂಗಾತೀರ:
ಕಟ್ಟಿದ್ದೇವೆ. ಊಟ, ವಸತಿ ಬೇರೆ. ಕಡಿಮೆ ಏನಲ್ಲ.

ಲೆಕ್ಕದಪುಸ್ತಕ:
ಹಾಗಾದರೆ ಕೇಳುವ ಹಕ್ಕು ನಿಮಗೆ ಪೂರ್ತಿ ಇದೆ. ನನ್ನ ತಮ್ಮನೂ ಹಾಡುತ್ತಾನೆ, ನಾವು ಬೇ ಏರಿಯಾದಲ್ಲಿದ್ದೇವೆ. ಇಲ್ಲಿ ಬೇಸಿಗೆ ಕಾರ್ಯಕ್ರಮ ಎರಡು ಬಗೆ. ಒಂದು, ಆಯ್ಕೆಯಾದರೆ ದುಡ್ಡು ಕಟ್ಟುವಂತಿಲ್ಲ. ಸ್ಯಾನ್ ಫ್ರಾನ್ಸಿಸ್ಕೋದ ಮೆರೋಲಾ ಹಾಗೆ, ಟ್ಯಾಂಗಲ್‌ವುಡ್‌ನ ಫೆಲೋಗಳದೂ ಹಾಗೆ. ಸಾಂಟಾ ಫೆ ಒಪೆರಾದಲ್ಲಿ 1957ರ ಮೊದಲ ಸೀಸನ್ನಿನಿಂದಲೇ ಅಪ್ರೆಂಟಿಸ್ ಪದ್ಧತಿ ಇದೆ. ಕೋರಸ್‌ನಲ್ಲಿ ಹಾಡುತ್ತಾ ದೊಡ್ಡವರ ಪಾತ್ರ ಕಲಿತಿಟ್ಟುಕೊಳ್ಳುತ್ತಾರೆ. ಆದರೆ ಅಲ್ಲಿ ಬಾಗಿಲು ಕಿರಿದು, ನೂರಾರು ಜನ ಬಂದು ಕೆಲವರು ಒಳಗೆ ಹೋಗುತ್ತಾರೆ, ಎರಡನೇ ವರ್ಷದ ಮಕ್ಕಳಿಗೆ ಸಿಗುವುದು ಕಷ್ಟ. ಇನ್ನೊಂದು, ದುಡ್ಡು ಕಟ್ಟಿ ಪಾತ್ರ ಪಡೆಯುವುದು. ಹಾಡುವವರೇ ಇದನ್ನು ‘ಪೇ ಟು ಸಿಂಗ್’ ಅಂತ ಕರೆಯುತ್ತಾರೆ. ಅದರಲ್ಲೂ ತುಂಬಾ ಒಳ್ಳೆಯವು ಇವೆ, ಎಲ್ಲವನ್ನೂ ಬಯ್ಯುವುದಿಲ್ಲ. ಆದರೆ ಕಟ್ಟುವ ಮೊದಲು ದಿನದ ವೇಳಾಪಟ್ಟಿ ಕೇಳಿ. ನಮ್ಮ ತಮ್ಮನ ವಿಷಯದಲ್ಲಿ ನಾವು ಕೇಳಲಿಲ್ಲ. ಆರು ವಾರದಲ್ಲಿ ಅವನಿಗೆ ಸಿಕ್ಕಿದ್ದು ನಾಲ್ಕು ಪಾಠ.

ರಂಗಮಂಚ:
ಶುಲ್ಕ ಕಟ್ಟಿದ್ದೇವೆ ಅಂದಕೂಡಲೇ ನಿರ್ದೇಶಕರನ್ನು ಕಟಕಟೆಗೆ ನಿಲ್ಲಿಸುವುದು ಸರಿ ಕಾಣುವುದಿಲ್ಲ. ವೇಳಾಪಟ್ಟಿ ಮಾಡಿದವರು ಯಾರು? ಶಿಬಿರ ನಡೆಸುವವರು. ಸಂಗೀತದವರು ನಮಗೆ ಇಷ್ಟು ಹೊತ್ತು ಬೇಕೇ ಬೇಕು ಅಂತ ಗಟ್ಟಿಯಾಗಿ ಕೇಳಬೇಕಿತ್ತು.

ನೆಕ್ಕರ್‌ದಂಡೆ:
ಅದು ನ್ಯಾಯವಾದ ಮಾತು. ಕೇಳಬೇಕಾದವರು ಸಂಗೀತ ನಿರ್ದೇಶಕರು.

ಚಂಡೆಸದ್ದು:
ನನಗೆ ಒಂದು ಕುತೂಹಲ. ಹುಡುಗಿಯರೇ ಜಾಸ್ತಿ, ಗಂಡು ಪಾತ್ರ ಒಂದೇ ಅಂದಿರಿ. ಹೆಣ್ಣುಮಕ್ಕಳೇ ಗಂಡು ವೇಷ ಮಾಡಬಹುದಲ್ಲ? ನಮ್ಮಲ್ಲಿ ಗಂಡಸರೇ ಸ್ತ್ರೀವೇಷ ಮಾಡಿ ಜನರ ಕಣ್ಣಲ್ಲಿ ನೀರು ತರಿಸಿದ್ದಾರೆ.

ತಂತಿಪೆಟ್ಟಿಗೆ:
ಬರೋಕ್‌ನಲ್ಲಿ ಇದು ತೀರಾ ಮಾಮೂಲು. ‘ಜೂಲಿಯೊ ಚೆಸಾರೆ’ಯಲ್ಲಿ ಸೀಸರ್ ಹಾಡಿದ್ದು ಸೆನೆಸೀನೊ, ಕಾಸ್ತ್ರಾತೊ ಗಾಯಕ. ಎಳವೆಯಲ್ಲೇ ಶಸ್ತ್ರಚಿಕಿತ್ಸೆ ಮಾಡಿ ದನಿ ಒಡೆಯದ ಹಾಗೆ ಮಾಡಿದವರು ಅವರೆಲ್ಲ. ಕ್ರೂರ ಪದ್ಧತಿ, ಈಗ ಇಲ್ಲ. ಅವರ ಪಾತ್ರಗಳನ್ನು ಈಗ ಮೆಝೊ, ಅಂದರೆ ನಡುಸ್ಥಾಯಿಯ ದನಿಯ ಹೆಂಗಸರು, ಅಥವಾ ಹೆಂಗಸರಷ್ಟೇ ಎತ್ತರದಲ್ಲಿ ಹಾಡುವ ಕೌಂಟರ್‌ಟೆನರ್ ಗಂಡಸರು ಹಾಡುತ್ತಾರೆ. ‘ಡೈಡೊ’ದಲ್ಲಿ ಇದು ತಿರುಗಾಮುರುಗಾ. ದೊಡ್ಡ ಮಾಟಗಾತಿಯ ಪಾತ್ರವನ್ನು ಎಷ್ಟೋ ಸಲ ಗಂಡಸರು ಹಾಡಿದ್ದಾರೆ. ನಾವಿಕನ ಹಾಡನ್ನು ಹೆಂಗಸರೂ ಹಾಡುತ್ತಾರೆ.

ಹಳೇಪುಟ:
ಕಲಿಯುವವರು, ಹವ್ಯಾಸಿಗಳು ಬರೋಕ್ ಒಪೆರಾ ಮಾಡುವುದನ್ನು ಯಾರೂ ಹಗುರವಾಗಿ ನೋಡಬಾರದು. ಹ್ಯಾಂಡೆಲ್ ತೀರಿಕೊಂಡದ್ದು 1759ರಲ್ಲಿ. ಆಮೇಲೆ ಅವನ ಒಪೆರಾಗಳನ್ನು ಬಹಳ ಕಾಲ ಯಾರೂ ಆಡಲಿಲ್ಲ. 1920ರಲ್ಲಿ ಜರ್ಮನಿಯ ಗೋಟಿಂಗೆನ್ ಅನ್ನುವ ವಿಶ್ವವಿದ್ಯಾಲಯದ ಊರಿನಲ್ಲಿ ಆಸ್ಕರ್ ಹಾಗೆನ್ ಅನ್ನುವ ಕಲಾ ಇತಿಹಾಸದ ಅಧ್ಯಾಪಕ ‘ರೊಡೆಲಿಂಡಾ’ ಆಡಿಸಿದ. ದೊಡ್ಡ ಒಪೆರಾ ಮನೆಯವರು ಮಾಡದ ಕೆಲಸವನ್ನು ಒಂದು ಕಾಲೇಜಿನ ಊರು ಮಾಡಿತು. ಅಲ್ಲಿಂದ ಹ್ಯಾಂಡೆಲ್ ರಂಗಕ್ಕೆ ವಾಪಸ್ ಬಂದ.

ನೆಕ್ಕರ್‌ದಂಡೆ:
ಒಳ್ಳೆಯ ನೆನಪು. ಈಗಲೂ ಎಳೆಯರನ್ನು ನಂಬಿ ಮಾಡುವವರಿದ್ದಾರೆ. ಆಸ್ಟ್ರಿಯಾದ ಇನ್ಸ್‌ಬ್ರುಕ್ ಹಳೇ ಸಂಗೀತ ಉತ್ಸವದಲ್ಲಿ ಎಳೆ ಗಾಯಕರಿಗೆ ಅಂತಲೇ ಒಂದು ಬರೋಕ್ ಒಪೆರಾ ಇರುತ್ತದೆ, ಅಲ್ಲಿನ ಚೆಸ್ತಿ ಸ್ಪರ್ಧೆಯಲ್ಲಿ ಚೆನ್ನಾಗಿ ಹಾಡಿದವರು ಅದಕ್ಕೆ ಬರುತ್ತಾರೆ. ಫ್ರಾನ್ಸಿನಲ್ಲಿ ವಿಲಿಯಮ್ ಕ್ರಿಸ್ಟಿಯವರ ‘ಲೆ ಜಾರ್ದ್ಯಾಂ ದೆ ವ್ವಾ’ 2002ರಿಂದ ಎರಡು ವರ್ಷಕ್ಕೊಮ್ಮೆ ಕೆಲವೇ ಗಾಯಕರನ್ನು ಆರಿಸಿ ಕಲಿಸಿ, ಊರೂರಿಗೆ ಕರೆದುಕೊಂಡು ಹೋಗುತ್ತದೆ. ಅಮೆರಿಕದಲ್ಲೇ ಬೇಕು ಅಂದರೆ ಓಹಾಯೋದ ಓಬರ್ಲಿನ್‌ನಲ್ಲಿ 1972ರಿಂದ ಬೇಸಿಗೆಯ ಬರೋಕ್ ಶಿಬಿರ ಇದೆ. ಅಲ್ಲಿ ವೇಷ, ಸೆಟ್ಟು ಮುಖ್ಯವಲ್ಲ, ನುಡಿಸುವುದು ಹಾಡುವುದೇ ಮುಖ್ಯ.

ರಂಗಮಂಚ:
ಮಾಟಗಾತಿಯ ವಿಷಯಕ್ಕೆ ಬರುತ್ತೇನೆ. ತುಂಗಾತೀರ ಅವರೇ, ಆ ಸುಳ್ಳು ದೇವದೂತ ಬರುವ ಜಾಗ ವಿಮಾನ ನಿಲ್ದಾಣದಲ್ಲಿ ಹೇಗೆ ಮಾಡಿದ್ದಾರೆ? ನನಗೆ ತಿಳಿಯಬೇಕು. ಈ ಕಥೆಗೆ ಮೂಲವಾದ ರೋಮನ್ ಕವಿ ವರ್ಜಿಲ್‌ನ ಕಾವ್ಯದಲ್ಲಿ ಈನಿಯಸ್‌ಗೆ ‘ಹೊರಡು’ ಅನ್ನುವುದು ನಿಜವಾದ ಮರ್ಕ್ಯುರಿ, ದೇವರೇ ಕಳಿಸಿದವನು. ಟೇಟ್ ಅದನ್ನು ಬದಲಾಯಿಸಿದ. ಇಲ್ಲಿ ಮಾಟಗಾತಿ ತನ್ನ ಕಡೆಯ ಭೂತಕ್ಕೆ ಮರ್ಕ್ಯುರಿ ವೇಷ ಹಾಕಿ ಕಳಿಸುತ್ತಾಳೆ. ಈನಿಯಸ್ ನಂಬಿಬಿಡುತ್ತಾನೆ. ಇಡೀ ಕಥೆ ಆ ಸುಳ್ಳಿನ ಮೇಲೆ ನಿಂತಿದೆ.

ತುಂಗಾತೀರ:
ಅದನ್ನು ಮೈಕಿನ ಪ್ರಕಟಣೆ ಮಾಡಿದ್ದಾರೆ. ಯಾರೂ ಕಾಣುವುದಿಲ್ಲ. ಮೇಲಿನಿಂದ ದನಿ ಮಾತ್ರ. ಈನಿಯಸ್ ಒಬ್ಬನೇ ಖಾಲಿ ಕುರ್ಚಿಗಳ ನಡುವೆ ನಿಂತು ಕೇಳುತ್ತಾನೆ.

ರಂಗಮಂಚ:
ಬಹಳ ಚೆನ್ನಾಗಿದೆ. ನಿಲ್ದಾಣದಲ್ಲಿ ಮೈಕು ಹೇಳಿದ್ದನ್ನು ಯಾರಾದರೂ ಪ್ರಶ್ನೆ ಮಾಡುತ್ತಾರಾ? ಅವನು ಯಾಕೆ ನಂಬಿದ ಅನ್ನುವುದು ಮಾತಿಲ್ಲದೆ ತಿಳಿಯುತ್ತದೆ.

ನೆಕ್ಕರ್‌ದಂಡೆ:
ಇದು ನನಗೂ ಹಿಡಿಸಿತು. ಮೈಕಿನಲ್ಲಿ ಹಾಡಿಸುವುದು ನನಗೆ ಸೇರದು, ಆದರೂ ಆ ಒಂದು ಜಾಗಕ್ಕೆ ಒಪ್ಪುತ್ತೇನೆ. ನೋಡಿ, ಆ ಯೋಚನೆಗೆ ಬೆಲ್ಟು ತಿರುಗಬೇಕಾಗಿಲ್ಲ. ಒಂದು ದನಿ, ಕೆಲವು ಕುರ್ಚಿ ಸಾಕು. ನಾಲ್ಕು ವಾರದ ಶಿಬಿರಕ್ಕೆ ಅಷ್ಟೇ ಸೆಟ್ಟು ಸಾಕಿತ್ತು, ಉಳಿದ ದಿನ ಪಾಠಕ್ಕೆ ಸಿಗುತ್ತಿತ್ತು.

ರಂಗಮಂಚ:
ಬೆಲ್ಟಿನ ವಿಷಯದಲ್ಲಿ ಸೋತೆ. ಅದು ಬೇಡವಾಗಿತ್ತು.

ಐದನೇಮನೆ:
ತುಂಗಾತೀರ ಅವರೇ, ಇನ್ನೂ ಒಂದು ವಾರ ಇದೆ ಅಲ್ವಾ? ಅಳುತ್ತಾ ಕೂರುವುದು ಬೇಡ. ಮಗಳಿಗೆ ಹೇಳಿ, ಆ ಹಾರ್ಪ್ಸಿಕಾರ್ಡ್ ನುಡಿಸುವವರ ಹತ್ತಿರ ಹೋಗಿ ಬೆಳಿಗ್ಗೆ ಅರ್ಧ ಗಂಟೆ ಕೊಡಿ ಅಂತ ಕೇಳಲಿ. ಕಲಿಯಬೇಕು ಅಂತ ಬಂದವರನ್ನು ನುಡಿಸುವವರು ಸಾಮಾನ್ಯವಾಗಿ ವಾಪಸ್ ಕಳಿಸುವುದಿಲ್ಲ.

ನೆಕ್ಕರ್‌ದಂಡೆ:
ಖಂಡಿತ ಕೇಳಲಿ. ಎರಡನೇ ಮಾಟಗಾತಿಗೆ ಮೊದಲನೆಯವಳ ಜೊತೆ ಒಂದು ಜೋಡಿ ಹಾಡಿದೆ, ಬಿರುಗಾಳಿ ಎಬ್ಬಿಸುವ ಮಾತು. ಒಬ್ಬಳು ಶುರು ಮಾಡಿದ್ದನ್ನು ಇನ್ನೊಬ್ಬಳು ಅಟ್ಟಿಸಿಕೊಂಡು ಹೋಗುವ ಹಾಗೆ ಬರೆದಿದ್ದಾನೆ. ಇಬ್ಬರೂ ಒಟ್ಟಿಗೆ ಹೋಗಲಿ. ಮೊದಲು ಮಾತು ಓದಲಿ. ಮಾಟಗಾತಿಯರು ಅಂತ ದನಿ ಕೆಡಿಸಿಕೊಂಡು ಕರ್ಕಶ ಮಾಡುವುದು ಬೇಡ, ಮಾತಿನ ವ್ಯಂಜನಗಳನ್ನು ಚುರುಕಾಗಿ ಕಚ್ಚಿದರೆ ಸಾಕು, ಕೆಟ್ಟತನ ತಾನೇ ಬರುತ್ತದೆ.

ತುಂಗಾತೀರ:
ಹೇಳಿದ್ದೇನೆ. ಹೋದಳು. ನಾಳೆಯಿಂದ ಎಂಟೂವರೆಗೆ ಬನ್ನಿ ಅಂದರಂತೆ.

ಬಿಸಿಲುಕುದುರೆ:
ಪ್ರದರ್ಶನ ಆದ ಮೇಲೆ ತಪ್ಪದೆ ಬರೆಯಿರಿ. ನಾನು ಈ ವಾರ ಮೊದಲ ಸಲ ‘ಡೈಡೊ’ ಕೇಳಿದೆ. ಕೊನೆಯ ಹಾಡು ಮೂರು ಸಲ ಕೇಳಿದೆ. ಅದರಲ್ಲಿ ಏನೋ ಒಂದು ಕೆಳಗೆ ಕೆಳಗೆ ಇಳಿಯುತ್ತಲೇ ಇರುತ್ತದೆ, ಏನದು?

ತಂತಿಪೆಟ್ಟಿಗೆ:
ಅದೇ ಗ್ರೌಂಡ್ ಬೇಸ್. ಐದು ಬಾರ್ (ತಾಳದ ಆವರ್ತ) ಉದ್ದದ ಒಂದು ಸಾಲು, ಅರ್ಧರ್ಧ ಸ್ವರ ಇಳಿಯುತ್ತಾ ಹೋಗುತ್ತದೆ. ಅದೇ ಸಾಲು ಹನ್ನೊಂದು ಸಲ ಬರುತ್ತದೆ, ಒಂದು ಸಲವೂ ಬದಲಾಗುವುದಿಲ್ಲ. ಮೇಲೆ ಡೈಡೊ ಹಾಡುತ್ತಾಳೆ. ಗಮನಿಸಿ ಕೇಳಿ, ಬೇಸ್ ಸಾಲು ಮುಗಿಯುವ ಜಾಗದಲ್ಲಿ ಅವಳ ಸಾಲು ಮುಗಿಯುವುದಿಲ್ಲ. ಅವಳದು ಇನ್ನೂ ನಡೆಯುತ್ತಿರುವಾಗಲೇ ಕೆಳಗಿನದು ಮತ್ತೆ ಶುರುವಾಗಿರುತ್ತದೆ.

ತುಂಗಾತೀರ:
ನಿನ್ನೆ ಪ್ರದರ್ಶನ ಆಯಿತು. ಕಾಯುತ್ತಿದ್ದವರಿಗೆಲ್ಲ ಬರೆಯುತ್ತಿದ್ದೇನೆ.

ಬೆಲ್ಟು ಎರಡನೇ ಅಂಕದಲ್ಲಿ ನಿಂತುಹೋಯಿತು. ಸದ್ದು ಮಾತ್ರ ಬರುತ್ತಿತ್ತು, ಆಮೇಲೆ ಯಾರೋ ಹಿಂದೆ ಹೋಗಿ ಆಫ್ ಮಾಡಿದರು. ಅದು ನಿಂತದ್ದರಿಂದ ಏನೂ ಕೊರತೆ ಕಾಣಲಿಲ್ಲ. ಮೊದಲನೇ ಅಂಕದಲ್ಲಿ ಮಕ್ಕಳು ಹೆದರಿದ್ದು ನನಗೇ ತಿಳಿಯುತ್ತಿತ್ತು. ರೆಸಿಟೆಟಿವ್‌ನಲ್ಲಿ ಹಾಡುವವರು ಒಂದು ಕಡೆ, ವಾದ್ಯದವರು ಒಂದು ಕಡೆ. ಈನಿಯಸ್ ಹುಡುಗ ಎರಡು ಸಲ ತಡೆದು ನಿಂತ. ನೀವೆಲ್ಲ ಹೇಳಿದ್ದು ಇದನ್ನೇ ಅಂತ ಆಗ ಅರ್ಥವಾಯಿತು.

ಮಾಟಗಾತಿಯರ ಜೋಡಿ ಹಾಡು ಬಂದಾಗ ನಾನು ಸೀಟಿನ ಕೈ ಹಿಡಿದು ಕೂತಿದ್ದೆ. ಇಬ್ಬರೂ ನಿಲ್ದಾಣದ ಸಫಾಯಿ ಕೆಲಸದವರ ಬಟ್ಟೆಯಲ್ಲಿದ್ದರು. ಒಬ್ಬಳ ಕೈಯಲ್ಲಿ ನೆಲ ಒರೆಸುವ ಕೋಲು. ಒಂದೊಂದು ಮಾತೂ ಕೊನೇ ಸಾಲಿಗೆ ಕೇಳಿಸಿತು. ಹಾರ್ಪ್ಸಿಕಾರ್ಡ್‌ನವರು ತಲೆ ಎತ್ತಿ ಅವರನ್ನೇ ನೋಡುತ್ತಾ ನುಡಿಸುತ್ತಿದ್ದರು. ಆರು ಬೆಳಿಗ್ಗೆ, ಅರ್ಧರ್ಧ ಗಂಟೆ. ಅಷ್ಟರಲ್ಲೇ ಅಷ್ಟು ಬಂದಿತ್ತು.

ಕೊನೆಯ ಹಾಡಿಗೆ ಡೈಡೊ ಹುಡುಗಿ ಏನೂ ಮಾಡಲಿಲ್ಲ. ಸುಮ್ನೆ ಕುರ್ಚಿಯಲ್ಲಿ ಕೂತಳು. ಮೊದಲು ಚೆಲ್ಲೋ ಒಂದೇ ಇಳಿಯಿತು. ಚೆಲ್ಲೋ ನುಡಿಸುವ ಹುಡುಗನ ಕತ್ತಿನಿಂದ ಬೆವರು ಇಳಿಯುವುದು ನನಗೆ ಕಾಣುತ್ತಿತ್ತು. ನಾನು ಬೆರಳು ಮಡಿಚಿ ಎಣಿಸಲು ಶುರು ಮಾಡಿದ್ದೆ, ಹನ್ನೊಂದು ಬರುತ್ತದಾ ಅಂತ. ಅವಳು ‘ರಿಮೆಂಬರ್ ಮಿ’ ಅಂತ ಒಂದೇ ಸ್ವರದಲ್ಲಿ ಹಾಡಿದಾಗ ಎಣಿಕೆ ತಪ್ಪಿತು.

ಐದನೇಮನೆ:
ಓದಿ ನನಗೂ ಕಣ್ಣು ತುಂಬಿತು. ಮಗಳಿಗೆ ನನ್ನ ಆಶೀರ್ವಾದ ಹೇಳಿ.

ನೆಕ್ಕರ್‌ದಂಡೆ:
ಶಿಬಿರದವರಿಗೆ ಒಂದು ಪತ್ರ ಬರೆಯಿರಿ. ಸಿಟ್ಟಿನಲ್ಲಿ ಬೇಡ. ಆ ಆರು ಬೆಳಿಗ್ಗೆಯಲ್ಲಿ ಏನಾಯಿತು ಅಂತ ಬರೆಯಿರಿ, ಮುಂದಿನ ವರ್ಷ ಎಲ್ಲರಿಗೂ ಅದು ಸಿಗಲಿ ಅಂತ ಕೇಳಿ.

ರಂಗಮಂಚ:
ಮೈಕಿನ ದನಿ ಚೆನ್ನಾಗಿತ್ತು ಅಂತಲೂ ಬರೆಯಿರಿ.

ತುಂಗಾತೀರ:
ಎರಡನ್ನೂ ಬರೆಯುತ್ತೇನೆ. ಮಗಳು ಮನೆಗೆ ಬಂದಿದ್ದಾಳೆ. ಬೆಳಿಗ್ಗೆಯಿಂದ ಅಡುಗೆಮನೆಯಲ್ಲಿ ಡೈಡೊದ ಕೊನೆಯ ರೆಸಿಟೆಟಿವ್ ಓದುತ್ತಿದ್ದಾಳೆ, ಅದು ಅವಳ ಪಾತ್ರವೇ ಅಲ್ಲ. ಹಾಡುತ್ತಿಲ್ಲ, 'ಡಾರ್ಕ್‌ನೆಸ್' ಅನ್ನುವ ಒಂದೇ ಪದವನ್ನು ಬೇರೆ ಬೇರೆ ಥರ ಹೇಳಿ ನೋಡುತ್ತಿದ್ದಾಳೆ. ಅವಳದೊಂದು ಪ್ರಶ್ನೆ ಇದೆ. ಮನೆಯಲ್ಲಿ ಹಾರ್ಪ್ಸಿಕಾರ್ಡ್ ಇಲ್ಲ, ನನ್ನ ಅತ್ತೆಯವರ ಹಳೇ ಎಲೆಕ್ಟ್ರಾನಿಕ್ ಶ್ರುತಿಪೆಟ್ಟಿಗೆ ಇದೆ. ಅದರಲ್ಲಿ 415 ಬರುತ್ತದಾ?

ಐದನೇಮನೆ:
ಬರುತ್ತದೆ. 440ರ ಲೆಕ್ಕದಲ್ಲಿ ಜಿ ಶಾರ್ಪ್ ಅಂದರೆ 415 ಚಿಲ್ಲರೆ. ಐದೂವರೆ ಮನೆಗೆ ಇಡಿ. ನಿಮ್ಮ ಅತ್ತೆಯವರು ಹಾಡುತ್ತಿದ್ದರು ಅಂದರೆ ಅದು ಈಗಾಗಲೇ ಅಲ್ಲೇ ಇರಬಹುದು, ನಮ್ಮ ಕಡೆ ಎಷ್ಟೋ ಹೆಂಗಸರ ಶ್ರುತಿ ಅದೇ.

ತುಂಗಾತೀರ:
ತೆಗೆದು ನೋಡಿದೆ. ಅಲ್ಲೇ ಇದೆ.